ಏಕಾದಶಿಯ ಸಾರಾಯಿ

ಚಿಕ್ಕೋಡಿಯಲ್ಲಿ ಕಟ್ಟುತ್ತಿದ್ದ ಮಂಗಲ ಕಾರ್ಯಾಲಯದ ಮೂರನೇ ಮಾಳಿಗೆಯಿಂದ ಬಿದ್ದು ಸತ್ತ ಗೌಂಡಿ ಹಾಲಸಿದ್ದನ ಬಾಯಿಗೆ, ಪೊಲೀಸರು ಬರುವ ಮುಂಚೆ ಸಾರಾಯಿ ಸುರಿದರು.

ಮರುದಿನ ಮುಂಜಾನೆ ಕಬ್ಬೂರಿನ ಮನೆಯಂಗಳದಲ್ಲಿ ಹೆಣಕ್ಕೆ ನೀರು ಹಾಕುತ್ತಿದ್ದ ಹೆಂಡತಿ ಸಾರಿಕಾ ತಟ್ಟನೆ ತಂಬಿಗೆ ಕೆಳಗಿಟ್ಟಳು. ದವಾಖಾನೆಯವರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ತುಳಸಿಮಾಲೆಯನ್ನು ಗಂಡನ ಕೊರಳಿಗೆ ಹಾಕಲೆಂದು ಬಿಚ್ಚಿದ್ದಳು; ಅದು ಸಾರಾಯಿ ನಾರುತ್ತಿತ್ತು.

"ಮಾಳೇಶಣ್ಣ, ಇದನ್ನ ಮೂಸಿ ನೋಡು."

ಹದಿನೆಂಟು ವರ್ಷ ಹಾಲಸಿದ್ದನ ಜೋಡಿ ಗೋಡೆ ಕಟ್ಟಿದ ಮಾಳೇಶ ಮೂಸಲಿಲ್ಲ.

"ಗೊತ್ತೈತಿ ತಂಗಿ. ನಾ ಅಲ್ಲೇ ಇದ್ನಿ. ಗುತ್ತೇದಾರ ಬಾಟ್ಲಿ ಕೊಟ್ಟ, ಡ್ರೈವರ್ ಸುರುವಿದ. ಕುಡದು ಬಿದ್ದ ಅಂತ ಬರಸಾಕ."

"ತುಳಸಿಮಾಲಿ ಹಾಕಿ ಸೆರೆ ಬಿಟ್ಟ ಮಾಳಕರಿ ಬಾಯಾಗ? ಅದೂ ಏಕಾದಶಿ ದಿನ? ಉಪಾಸದ ಸಾಬೂದಾಣಿ ಕಟ್ಟತೀನಿ ಅಂದ್ರೂ ಬ್ಯಾಡ ಅಂದು ಹೋಗಿದ್ರು."

ನೆರೆಮನೆಯ ಮುದುಕಿ ಶಿವಗಂಗವ್ವ ಕಟ್ಟೆಯ ಮೇಲಿಂದ ಉಗುಳಿದಳು. "ಹನ್ನೆರಡ ಸಲ ಪಂಢರಪುರಕ್ಕ ನಡದ ಹೋದಾಂವ ಅಂತ ಊರಿಗೆಲ್ಲ ಗೊತ್ತು. ಸುಳ್ಳ ಹೇಳಾಕೂ ಬುದ್ಧಿ ಬೇಕವಾ. ಆ ಗುತ್ತೇದಾರನ ಗಾಡ್ಯಾಗ ಎಸಿ ಐತಿ, ತಲ್ಯಾಗ ಏನೂ ಇಲ್ಲ."

*

ಎಂಟು ದಿನದ ಹಿಂದೆ ಹಾಲಸಿದ್ದ ಗುತ್ತೇದಾರ ಕಾಕಾಸಾಹೇಬನ ಕಾರಿನ ಕಿಟಕಿಯ ಹತ್ತಿರ ನಿಂತಿದ್ದ. ಗಾಜು ಅರ್ಧ ಮಾತ್ರ ಇಳಿದಿತ್ತು. ಒಳಗಿನ ತಂಪು ಹೊರಗೆ ಹೋಗಬಾರದಲ್ಲ.

"ಸಾವ್ಕಾರ್ರ, ಮ್ಯಾಲ ಗಾಳಿ ಭಾಳ ಐತ್ರಿ. ಬಿದ್ರ ಹಿಡ್ಯಾಕ ಸುತ್ತ ಜಾಳಿ ಕಟ್ಟಸ್ರಿ. ಸೊಂಟಕ್ಕ ಪಟ್ಟಾನೂ ಬೇಕ್ರಿ."

"ಸರ್ಕಸ್ ಮಾಡಾಂವ ಏನಲೇ? ಜಾಳಿ ಕಟ್ಟಿದ್ರ ಮಂದಿ ತಿಕೀಟ ಕೇಳ್ತಾರ."

ಡ್ರೈವರ್ ನಕ್ಕ. ನಗುವುದೂ ಅವನ ನೌಕರಿಯ ಭಾಗವೇ.

ಸಂಜೆ ಹೊಸ ಹಗ್ಗವೇನೋ ಬಂತು. ಜೊತೆಗೆ ಹುಲ್ಲು ತುಂಬಿದ, ದಪ್ಪ ಮೀಸೆಯ ದೃಷ್ಟಿಗೊಂಬೆಯೂ ಬಂತು. ಕಟ್ಟಡಕ್ಕೆ ಯಾರ ಕಣ್ಣೂ ತಾಗಬಾರದು, ಗೊಂಬೆ ಗಾಳಿಗೆ ಬೀಳಬಾರದು. ಬಿಡಿ ಹಲಗೆಯ ಮೇಲೆ ತುದಿಗಾಲಲ್ಲಿ ನಿಂತು, ಹಾಲಸಿದ್ದನೇ ಅದನ್ನು ಕಂಬಕ್ಕೆ ನಾಲ್ಕು ಸುತ್ತು ಬಿಗಿದ. ಆ ಎತ್ತರದಲ್ಲಿ ಹಗ್ಗದ ಆಸರೆ ಇದ್ದದ್ದು ಆ ಗೊಂಬೆಯ ಸೊಂಟಕ್ಕೊಂದೇ.

*

ಕುಣಿಗೆ ಮಣ್ಣು ಮುಚ್ಚಿ ಮುಗಿಸುವ ಹೊತ್ತಿಗೆ ಕಾಕಾಸಾಹೇಬ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಬಂದ. ಟ್ರ್ಯಾಕ್ಟರ್ ಗಾಲಿಯಷ್ಟು ದೊಡ್ಡ ಹಾರವನ್ನು ಇಬ್ಬರು ಹೊತ್ತು ತಂದರು. ಹಿಂದೆಯೇ ಕೆಲಸದವರನ್ನು ಒಯ್ಯುವ ಟೆಂಪೋ ಬಂದು ನಿಂತಿತು. ಅದರ ಇಂಜಿನ್ ಆರಿಸಲಿಲ್ಲ.

"ಹಣಿಬರಹ, ತಂಗಿ," ಎಂದ.

"ಹಣಿಬರಹಕ್ಕ ಸಾರಾಯಿ ಯಾಕ ಬೇಕಾತ್ರಿ?" ಎಂದಳು ಸಾರಿಕಾ.

ಕಾಕಾಸಾಹೇಬ ಹಾರದ ಕಡೆ ನೋಡಿದ. ಹೂವು ಎಲ್ಲಾದರೂ ಬಾಡಿದೆಯೇ ಎಂದು ನೋಡುವವನಂತೆ. ಆಮೇಲೆ ಮಾಳೇಶನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಬೇಕೆಂದು ಅವನಿಗೆ ಅನಿಸಲೇ ಇಲ್ಲ.

"ನಾಳೆ ಠಾಣೇದಾಗ ಕೇಳ್ತಾರ. ಕುಡದಿದ್ದ ಅಂತ ಹೇಳು, ಮುಗೀತು. ಈಗ ಎಲ್ಲಾರೂ ಕೈ ತೊಳ್ಕೊಂಡು ಟೆಂಪೋ ಹತ್ತ್ರಿ. ಕಾಂಕ್ರೀಟ್ ಗಾಡಿ ಬಂದು ನಿಂತೈತಿ, ಒಳಗ ಮಾಲ ಗಟ್ಟಿ ಆಗಾಕತ್ತೈತಿ."

"ಹಾಲಸಿದ್ದ ಕುಡದಿರಲಿಲ್ರಿ. ಠಾಣೇದಾಗ ಅದನ್ನ ಹೇಳ್ತೀನಿ."

"ಹೇಳು, ಹೇಳು. ಹೇಳಿದ ಮ್ಯಾಲ ಚಿಕ್ಕೋಡ್ಯಾಗ ನಿನಗ ಯಾರ ಕೆಲಸ ಕೊಡ್ತಾರ ನೋಡ್ತೀನಿ."

ಮಾಳೇಶ ಕೈಯ ಮಣ್ಣು ಕೊಡವಿದ. "ಜಾಳಿ ಕಟ್ಟೀರೇನ್ರಿ?"

"ಸ್ಲ್ಯಾಬ್ ಮುಗೀಲಿ, ನೋಡೂಣು. ಮದಲ ಹತ್ತು."

ಮಾಳೇಶ ಟೆಂಪೋದ ಕಡೆ ನಾಲ್ಕು ಹೆಜ್ಜೆ ನಡೆದ. ಕಾಕಾಸಾಹೇಬ ಫೋನು ತೆಗೆದು, "ಬಂದ್ರು, ಬಂದ್ರು," ಎಂದ ಯಾರಿಗೋ. ಮಾಳೇಶ ಅಲ್ಲೇ ಹೊರಳಿ, ಗೆಳೆಯನ ಕುಣಿಯ ಬಳಿ ಬಂದು ಚಕ್ಕಳಮಕ್ಕಳ ಹಾಕಿ ಕೂತ. ಟೆಂಪೋಗೆ ಕಾಲಿಟ್ಟಿದ್ದ ಇಬ್ಬರು ಕೆಲಸದವರು ಕೆಳಗಿಳಿದರು. ಉಳಿದವರು ನಿಂತಲ್ಲೇ ನಿಂತರು.

ಟೆಂಪೋದ ಡ್ರೈವರ್ ಹಾರ್ನ್ ಒತ್ತಿದ.

"ಹತ್ತಲೇ ಮಾಳ್ಯಾ!" ಕಾಕಾಸಾಹೇಬ ಕೂಗಿದ.

"ಹತ್ತಂಗಿಲ್ಲ," ಎಂದ ಮಾಳೇಶ, ತಿರುಗಿ ನೋಡದೆ. ಕುಣಿಯ ಹಸಿ ಮಣ್ಣು ಒಂದು ಕಡೆ ಉಬ್ಬಿತ್ತು. ಅದನ್ನು ಅಂಗೈಯಿಂದ ಮೆಲ್ಲಗೆ ಸವರಿ, ಗೋಡೆಯ ಮಟ್ಟ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಸವರಿದ.