ಬಿಡಿ ಅಂದ್ರೆ ಬಿಡಬೇಡಿ

ಮೇಸ್ತ್ರಿಯ ಬಲಗಣ್ಣಿನ ಮೂಲೆಯಿಂದ ಕರಿಗುಡ್ಡೆಯ ಮೇಲೆ ಮಾಂಸದ ಪೊರೆ ಹಬ್ಬಿತ್ತು. ಬಿಸಿಲು, ಗಾಳಿ, ಕಲ್ಲುಪುಡಿ ಸೇರಿ ಸಾಕಿ ಬೆಳೆಸಿದ ಪೊರೆ. ಆಪರೇಷನ್ ಮಾಡಿ ತೆಗೆದರು. ಪೀಡೆ ಹೋಯಿತೆಂದು ಮೇಸ್ತ್ರಿ ಮನೆಗೆ ಬಂದ. ಜೊತೆಗೆ ಗೊಂದಲವೂ ಬಂತು.

ಕೆಲವೇ ದಿನದಲ್ಲಿ ಕಣ್ಣು ಕೆಂಡವಾಯಿತು. ಬೆಳಿಗ್ಗೆ ಕೀವಿನಿಂದ ರೆಪ್ಪೆಗಳು ಅಂಟಿಕೊಂಡಿದ್ದವು.

"ಕೆಂಪಾಗೋದು ಸಹಜ ಅಂತ ಡಾಕ್ಟ್ರೇ ಹೇಳಿದ್ದಾರೆ ಕಣೇ" ಎಂದ.

"ಸಹಜ ಆದ್ರೆ ದಿನಾ ಕಮ್ಮಿ ಆಗ್ಬೇಕಲ್ವಾ? ನಿಮ್ದು ಬಡ್ತಿ ತಗೊಳ್ತಾ ಇದೆ" ಎಂದಳು ಹೆಂಡತಿ. ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿದಳು.

ನರ್ಸಮ್ಮ ಕೈ ತೊಳೆದೇ ಒಳಗೆ ಬಂದರು. "ಹನಿ ಔಷಧಿ ಬಿಡ್ತಾ ಇದ್ದೀರಾ?"

"ಬಿಟ್ಟಿದ್ದೀನಿ."

"ದಿನಾ ಬಿಡ್ತೀರಾ?"

"ದಿನಾ ಯಾಕೆ? ಒಂದ್ಸಲ ಬಿಟ್ರೆ ಮುಗೀತಲ್ಲ, ಸಿಗರೇಟು ಬಿಟ್ಟ ಹಾಗೆ."

ಈಗ ನರ್ಸಮ್ಮನಿಗೆ ಗೊಂದಲ. "ಏನ್ರೀ ಬಿಟ್ರಿ?"

"ಹನಿ ಹಾಕೋದು ಬಿಟ್ಟೆ. 'ಮನೆಗೆ ಹೋದ್ಮೇಲೆ ಹನಿ ಬಿಡಿ' ಅಂದ್ರು. ಮನೆಗೆ ಬಂದೆ, ಬಿಟ್ಟೆ."

"ಕಣ್ಣಿಗೆ ಬಿಡಿ ಅಂದ್ರು ರೀ!"

ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. "ಸಿಟ್ಟು ಬಿಡಿ ಅಂದ್ರೆ ನನ್ನ ಮೇಲೆ ಬಿಡೋ ಮನುಷ್ಯ ಇದು!"

"ಇದು ಸೋಂಕಿನ ಥರ ಕಾಣ್ತಿದೆ" ಎಂದರು ನರ್ಸಮ್ಮ. "ನೋವು ಹೆಚ್ಚಾಗ್ತಿದೆಯಾ? ಬೆಳಕು ಚುಚ್ಚುತ್ತಾ?"

"ಬೆಳಕಿನ ಮಾತಿರ್ಲಿ." ಮೇಸ್ತ್ರಿಯ ದನಿ ಇಳಿಯಿತು. "ನಿನ್ನೆ ಗೋಡೆಗೆ ಕಟ್ಟಿದ ದಾರಾನೇ ಮಂಜಾಗಿ ಕಾಣ್ತು."

ದಾರ ಕಾಣದ ಮೇಲೆ ಗೋಡೆ ನೆಟ್ಟಗಿರುವುದಿಲ್ಲ, ಮೇಸ್ತ್ರಿ ಮೇಸ್ತ್ರಿಯಾಗಿರುವುದಿಲ್ಲ. ಆದರೂ ಅವನು, "ಹೋದ್ರಾಯ್ತು, ಈ ಗೋಡೆ ಮುಗೀಲಿ. ಅಲ್ಲೀವರೆಗೂ ಅದೇ ಹನಿ ಬಿಡ್ಲಾ?" ಎಂದ.

"ನಿಮ್ಮಷ್ಟಕ್ಕೆ ನೀವು ಈಗ ಏನೂ ಬಿಡಬೇಡಿ!"

"ಬಿಡಬೇಡಿ ಅಂದ್ರೆ... ಹಾಕ್ಬೇಕಾ?"

"ನಡೀರಿ ಆಸ್ಪತ್ರೆಗೆ. ಗೋಡೆ ನಾಳೆನೂ ಅಲ್ಲೇ ಇರುತ್ತೆ. ಕಣ್ಣು ಇರುತ್ತೆ ಅಂತ ಹೇಳೋಕಾಗಲ್ಲ."

ಆಸ್ಪತ್ರೆಯಲ್ಲಿ ಪರೀಕ್ಷಿಸಿದರು. ಹೌದು, ಅದು ಸೋಂಕೇ. ಇನ್ನೂ ತಡವಾಗಿದ್ದರೆ ದೃಷ್ಟಿಗೇ ಕುತ್ತು ಬರುತ್ತಿತ್ತು. ಚಿಕಿತ್ಸೆಯಿಂದ ಕಣ್ಣು ಉಳಿಯಿತು, ದಾರ ಮತ್ತೆ ಕಂಡಿತು.

"ವಾಸಿಯಾಯ್ತು ಅಂತ ಮರೀಬೇಡಿ" ಎಂದರು ಡಾಕ್ಟರು. "ಪೊರೆ ಮತ್ತೆ ಬೆಳೀಬಹುದು. ಅಪರೂಪಕ್ಕೆ ವರ್ಷಗಳಾದ ಮೇಲೂ ಬಿಳಿಗುಡ್ಡೆ ತೆಳುವಾಗಿ ಸೋಂಕು ತಗಲುತ್ತೆ. ಅಂಗಡಿಯಿಂದ ನೀವೇ ಹನಿ ತಂದು ತಿಂಗಳುಗಟ್ಟಲೆ ಹಾಕ್ಕೊಂಡ್ರೆ ಕಣ್ಣಿನ ಒತ್ತಡ ಏರಬಹುದು."

ಮೇಸ್ತ್ರಿ ಯೋಚಿಸಿದ. "ಅಂದ್ರೆ, ನೀವು ಬಿಡಿ ಅನ್ನೋವರೆಗೂ ಬಿಡ್ಬೇಕು. ಬಿಡಿ ಅಂದ್ಮೇಲೆ ಬಿಟ್ಬಿಡ್ಬೇಕು."

ಈ ಸಲ ಗೊಂದಲ ಡಾಕ್ಟರಿಗೆ.

"ಬಿಡಿ ಡಾಕ್ಟ್ರೇ" ಎಂದಳು ಹೆಂಡತಿ, "ಅವರಿಗೆ ಅರ್ಥ ಆಗಿದೆ."

ಇಷ್ಟು ದಿನ ಗೋಡೆಯ ಮೊಳೆಗೆ ನೇತಾಡುತ್ತಿದ್ದ, ಬಿಸಿಲು ಧೂಳು ತಡೆಯುವ ಕಪ್ಪು ಕನ್ನಡಕ ಈಗ ಮೇಸ್ತ್ರಿಯ ಮೂಗಿನ ಮೇಲೆ ಕೂತಿದೆ. ಕಣ್ಣುಜ್ಜುತ್ತಿದ್ದ ಧೂಳಿನ ಟವೆಲ್ಲು ಮೊಳೆಗೆ ಹೋಗಿದೆ.

ಓದುತ್ತಿರುವವರೇ, ಪೊರೆ ತೆಗೆಸಿದ ಕಣ್ಣನ್ನು ಪೊರೆಯುವುದು ನಿಮ್ಮ ಕೈಯಲ್ಲಿದೆ. ತೊಳೆದ ಕೈಯಲ್ಲಿ! ನೋವು ಏರಿದರೆ, ಕೀವು ಬಂದರೆ, ನೋಟ ಮಂಜಾದರೆ, ಆಪರೇಷನ್ ಆಗಿ ಎಷ್ಟು ಕಾಲವಾಗಿದ್ದರೂ ಸರಿ, ಅಂದೇ ಕಣ್ಣಾಸ್ಪತ್ರೆಗೆ ಹೋಗಿ. ಹೇಳಿದ ದಿನ ತಪ್ಪದೆ ತೋರಿಸಿ. ಡಾಕ್ಟರ ಮಾತು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಅವರು ನಿಲ್ಲಿಸಿ ಎನ್ನುವವರೆಗೆ ಹನಿ ಬಿಡುವುದನ್ನು ಬಿಡಬೇಡಿ, ಸಂಕೋಚ ಬಿಡಿ.