ಸಾಸೂಬಾಯಿಯ ಕೀಲಿಕೈ

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪುಣೆಯ ಸದಾಶಿವ ಪೇಠೆಯಲ್ಲಿ ಯಾರನ್ನಾದರೂ ಎಬ್ಬಿಸುವುದಕ್ಕಿಂತ ಅವರ ಮನೆಯ ಗೋಡೆ ಕೆಡವುವುದು ಸಣ್ಣ ಅಪರಾಧ. ದಾಜೀಸಾಹೇಬ ದಿವೇಕರರ ಫರಾಳದ, ಅಂದರೆ ಕುರುಕುತಿಂಡಿಯ, ಅಂಗಡಿಯ ಬಾಗಿಲಿಗೆ ಹಲಗೆಯೇ ತೂಗಿತ್ತು: ‘ಒಂದರಿಂದ ನಾಲ್ಕು ಮಲಗಿರುತ್ತೇವೆ. ಬಡಿದರೆ ಎದ್ದೇಳುತ್ತೇವೆ, ಆದರೆ ಮಾರುವುದಿಲ್ಲ.’

ಅಂಗಡಿಯ ವೆಬ್‌ಸೈಟು ಕೂಡ ಆ ಮೂರು ಗಂಟೆ ಬಾಗಿಲು ಹಾಕುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಬಂದ ಆರ್ಡರುಗಳಿಗೆ ಸರದಿಯ ನಂಬರು ಕೊಡುವುದು, ಚಕ್ಕುಲಿ ಯಾರದು ಕರಂಜಿ ಯಾರದು ಎಂದು ನೆನಪಿಡುವುದು ಡೇಟಾಬೇಸಿನ ಕೆಲಸ. ಅದನ್ನು ಸಾಕಿ ಸಲಹುವುದು ವೈಜಯಂತಿ ಕಾನಿಟ್ಕರಳ ಕೆಲಸ. ಶನಿವಾರ ಪೇಠೆಯ ಎರಡನೇ ಮಹಡಿಯಲ್ಲಿ ಅವಳದೂ ಶ್ರೀರಂಗ ಭಿಡೆಯದೂ ಸೇರಿ ಒಂದು ಪುಟ್ಟ ಕಂಪನಿ. ಎರಡು ಮೇಜು, ಒಂದು ಫ್ಯಾನು.

ಡೇಟಾಬೇಸು ಯಾರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತೂ ಹೌದು. ಅದನ್ನು ನಡೆಸುವ ಪ್ರೋಗ್ರಾಮಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಿಟ್ಟಿಯಾಗಿ ಬಳಸಬಹುದು. ಅದು ಓಡುವುದು ಕ್ಲೌಡಿನಲ್ಲಿ. ಕ್ಲೌಡು ಅಂದರೆ ಆಕಾಶದಲ್ಲೇನೂ ಇಲ್ಲ, ಮುಂಬೈ ಕಡೆ ಎಲ್ಲೋ ಬಾಡಿಗೆಗೆ ಹಿಡಿದ ಎರಡು ಯಂತ್ರಗಳು. ಒಂದು ಆರ್ಡರು ಬರೆದುಕೊಳ್ಳುವ ಯಜಮಾನಿ, ಇನ್ನೊಂದು ಅದನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳುತ್ತ ಪಕ್ಕದಲ್ಲಿ ನಿಂತಿರುವವಳು. ಯಜಮಾನಿ ಸತ್ತರೆ ಪಕ್ಕದವಳಿಗೆ ಅಧಿಕಾರ. ಶ್ರೀರಂಗ ಮದುವೆಯಾದ ಹೊಸತರಲ್ಲಿ ಇವಕ್ಕೆ ಸಾಸೂಬಾಯಿ, ಸೂನಬಾಯಿ ಎಂದು ಹೆಸರಿಟ್ಟಿದ್ದ. ಅತ್ತೆ, ಸೊಸೆ. ಅವನ ಮನೆಯ ಸಂಗತಿ ನಮಗೆ ಬೇಡ.

ಸಮಸ್ಯೆ ಇರುವುದು ಯಜಮಾನಿ ಸಾಯದೆ ಬರೀ ಮೂರ್ಛೆ ಹೋದಾಗ. ಸತ್ತಳೆಂದು ಸೊಸೆಗೆ ಪಟ್ಟ ಕಟ್ಟಿರುತ್ತಾರೆ, ಅತ್ತೆ ಎದ್ದು ಕೂರುತ್ತಾಳೆ, ಇಬ್ಬರೂ ಮನೆ ತಮ್ಮದೇ ಎಂದುಕೊಂಡು ಆರ್ಡರು ಬರೆಯುತ್ತಾರೆ. ಒಂದೇ ನಂಬರು ಇಬ್ಬರ ಕೈಗೆ ಹೋಗುತ್ತದೆ. ಇದಕ್ಕೆ ವೈಜಯಂತಿ ಎರಡು ವರ್ಷ ತಲೆ ಕೆಡಿಸಿಕೊಂಡು ಒಬ್ಬ ಕಾವಲುಗಾರನನ್ನು, ಅಂದರೆ ಒಂದು ಪ್ರೋಗ್ರಾಮನ್ನು, ಬರೆದಿದ್ದಳು. ಅವನು ಅತ್ತೆಯನ್ನು ಮೂರು ಸಲ ಕೂಗುತ್ತಾನೆ. ಓಗೊಡದಿದ್ದರೆ ಮೊದಲು ಅವಳ ಸೊಂಟದ ಕೀಲಿಕೈ ಕಿತ್ತುಕೊಳ್ಳುತ್ತಾನೆ, ಆಮೇಲೇ ಸೊಸೆಗೆ ಕೊಡುತ್ತಾನೆ. ಕೀಲಿಕೈ ಒಂದೇ. ಎದ್ದ ಅತ್ತೆ ಸುಮ್ಮನೆ ಜಗಲಿಯಲ್ಲಿ ಕೂತು ಸೊಸೆ ಹೇಳಿದ್ದನ್ನು ನಕಲು ಮಾಡಿಕೊಳ್ಳಬೇಕು.

ಇದು ಮೂಲ ಡೇಟಾಬೇಸಿಗೇ ಸೇರಿ ಜಗತ್ತಿನವರೆಲ್ಲ ಬಳಸಬೇಕೆಂಬುದು ಅವಳ ಆಸೆ. ಆಸೆಯೇನು, ಹಟ. ಆದರೆ ಸೇರಬೇಕಾದರೆ ದೇಶದೇಶಗಳ ಹಿರಿಯರು ಕೂತಿರುವ ಒಂದು ಇ-ಮೇಲ್ ಪಟ್ಟಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಆ ಪಟ್ಟಿಯಲ್ಲಿ ‘ವಿಕೆ’ ಎಂದಷ್ಟೇ ಸಹಿ ಹಾಕುವ ಒಂದು ಪಿಶಾಚಿ ಇತ್ತು. ಹದಿನಾರು ಸಲ ಕಳಿಸಿದಳು, ಹದಿನಾರು ಸಲ ತಿರುಗಿ ಬಂತು. ಮೊದಲ ಉತ್ತರ ‘ಓದಿದೆ. ಬೇಡ.’ ಎಂಟನೆಯದು ‘ಮೊದಲಿಗಿಂತ ಕಡಿಮೆ ಕೆಟ್ಟದ್ದು.’ ಹನ್ನೆರಡನೆಯದು ‘ನಿಯಮಗಳನ್ನು ಓದುವುದು ನಿಮ್ಮ ಮನೆಯಲ್ಲಿ ನಿಷಿದ್ಧವೇ?’

“ಜರ್ಮನಿಯವನೇ ಇರಬೇಕು,” ಅಂತ ಶ್ರೀರಂಗ ಆಣೆ ಮಾಡಿದ್ದ. “ಇಷ್ಟು ಕಡಿಮಿ ಮಾತಿನ್ಯಾಗ ಇಷ್ಟು ಮರ್ಯಾದಿ ತಗೀಲಿಕ್ಕೆ ಬ್ಯಾರೆ ಯಾರಿಗೂ ಆಗೂದಿಲ್ಲ.”

ಪುಣೆಯಲ್ಲಿ ಹುಟ್ಟಿ ಬೆಳೆದವನು ಈ ಮಾತು ಆಡಿದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಹದಿನೇಳನೆಯ ಸಲ ಉತ್ತರ ಬೇರೆ ಇತ್ತು. ‘ನಿಜವಾದ ಅಂಗಡಿಯಲ್ಲಿ ಮೂವತ್ತು ದಿನ ನಡೆಸಿ. ಒಂದೇ ಒಂದು ನಂಬರು ಎರಡಾದರೂ ಮತ್ತೆ ಬರೆಯಬೇಡಿ. ಯಾವ ಅಂಗಡಿ, ಎಂದು ಶುರು, ತಿಳಿಸಿ.’ ವೈಜಯಂತಿ ದಿವೇಕರರ ಅಂಗಡಿಯ ಹೆಸರು, ವಿಳಾಸ, ತಾರೀಖು ಎಲ್ಲ ಬರೆದು ಕಳಿಸಿದಳು. ಇಪ್ಪತ್ತೊಂಬತ್ತು ದಿನ ಉಸಿರು ಬಿಗಿಹಿಡಿದು ಕಳೆದಳು. ಮೂವತ್ತನೆಯ ದಿನ ಗಣೇಶ ಚವತಿಯ ಹಿಂದಿನ ದಿನ. ಅಂಗಡಿಯ ಮುಂದೆ ಹಬೆಯಲ್ಲಿ ಬೇಯಿಸಿದ ಉಕಡೀಚೆ ಮೋದಕಕ್ಕೆ ಬೆಳಗ್ಗೆಯಿಂದ ನೂಕುನುಗ್ಗಲು.

ಅಂದು ಮಧ್ಯಾಹ್ನ ಊಟ ಮುಗಿಸಿ ಮೇಜಿಗೆ ತಲೆ ಇಟ್ಟಿದ್ದವಳನ್ನು ಫೋನು ಬಡಿದೆಬ್ಬಿಸಿತು. ‘ಸಾಸೂಬಾಯಿ ಓಗೊಡುತ್ತಿಲ್ಲ. ಮೂರು ಸಲ ಕೂಗಿಯಾಯಿತು. ಕೀಲಿಕೈ ಸೂನಬಾಯಿಗೆ.’

“ರಂಗ್ಯಾ! ಸಾಸೂಬಾಯಿ ಸತ್ಲು!”

ಶ್ರೀರಂಗ ಒಂದು ಕಣ್ಣು ತೆರೆದ. “ಸತ್ತಿಲ್ಲ, ಮಲಗ್ಯಾಳ. ದಾಜೀ ಹನ್ನೆರಡೂವರಿಗೆ ಫೋನ್ ಮಾಡಿದ್ರು. ‘ನಾ ಮಲಗಿದಾಗ ನನ್ನ ಅಂಗಡ್ಯಾಗ ಯಾರ್‍ಯಾಕ ಎಚ್ಚರ ಇರ್ಬೇಕು? ಆಕೀನೂ ಮಲಗಸು’ ಅಂದ್ರು. ಒಂದಕ್ಕ ಬಂದ್ ಆಗಿ ನಾಕಕ್ಕ ಏಳೂಹಂಗ ಗಡಿಯಾರ ಹಚ್ಚೀನಿ.”

“ನನಗ್ಯಾಕ ಹೇಳ್ಲಿಲ್ಲ?”

“ನೀ ಊಟಕ್ಕ ಕೂತಿದ್ದಿ. ಆಮ್ಯಾಲೆ ಒಂದು ಹೊಡೀತು.”

ಒಂದು ಹೊಡೆದ ಮೇಲೆ ಪುಣೆಯಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಭೂಕಂಪವಾದರೂ ನಾಲ್ಕಕ್ಕೇ ಸುದ್ದಿ. ವೈಜಯಂತಿಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಆದರೆ ನಾಲ್ಕು ಗಂಟೆಗೆ ಅತ್ತೆ ಎದ್ದಾಗ ಮನೆಯಲ್ಲಿ ಏನಾಗುವುದೋ ಎಂಬ ಭಯ ಸಿಟ್ಟಿಗಿಂತ ದೊಡ್ಡದಿತ್ತು. ಲ್ಯಾಪ್‌ಟಾಪು ಬಗಲಲ್ಲಿಟ್ಟು ಸ್ಕೂಟರ್ ಹತ್ತಿ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಹೋಗಿ ಕೂತಳು.

ನಾಲ್ಕು ಹೊಡೆಯಿತು. ದಾಜೀಸಾಹೇಬರು ಬಾಗಿಲು ತೆರೆದರು. ಸಾಸೂಬಾಯಿ ಎದ್ದಳು, ಕೀಲಿಕೈ ಹುಡುಕಿದಳು, ಸಿಗಲಿಲ್ಲ, ತೆಪ್ಪಗೆ ಜಗಲಿಯಲ್ಲಿ ಕೂತು ನಕಲು ಮಾಡತೊಡಗಿದಳು. ಪರದೆಯ ಮೇಲೆ ಅದನ್ನು ನೋಡಿ ವೈಜಯಂತಿಯ ಕಣ್ಣು ತುಂಬಿ ಬಂತು. ಎರಡು ವರ್ಷದ ಕೆಲಸ ಕಣ್ಣೆದುರು ಹೇಳಿದಂತೆ ಕೇಳುತ್ತಿತ್ತು.

ಅಷ್ಟರಲ್ಲಿ ಅಂಗಡಿಯೊಳಗೆ ಗಲಾಟೆ.

“ಇನ್ನೂರ ಹದಿನಾಲ್ಕು ನಂದು!” ಎಂದು ಒಬ್ಬ ಮೀಸೆಯವನು ಚೀಟಿ ಆಡಿಸುತ್ತಿದ್ದ. ಟೆಂಪೋ ಓಡಿಸುವ ಮೋಹಿತೆ. ಹೊರಗೆ ಅವನ ಟೆಂಪೋದಲ್ಲಿ ಮುಖಕ್ಕೆ ಕೆಂಪು ವಸ್ತ್ರ ಹೊದ್ದ ಗಣಪತಿ ಕೂತಿದ್ದ.

“ನಂದೂ ಇನ್ನೂರ ಹದಿನಾಲ್ಕೇ,” ಎಂದಳು ಒಬ್ಬ ಅಜ್ಜಿ. ಎಪ್ಪತ್ತರ ಮೇಲಿನ ವಯಸ್ಸು, ಕಡ್ಡಿಯಂಥ ಮೈ, ದಪ್ಪ ಕನ್ನಡಕ, ಕೈಯಲ್ಲಿ ಮಡಿಸಿದ ಚೀಟಿ.

ಇಪ್ಪತ್ತೊಂದು ಮೋದಕದ ಪೆಟ್ಟಿಗೆ ಉಳಿದಿದ್ದು ಒಂದೇ. ಮೂವತ್ತನೆಯ ದಿನ, ಕೊನೆಯ ಕೆಲವು ಗಂಟೆ ಇರುವಾಗ, ಒಂದು ನಂಬರು ಎರಡಾಗಿತ್ತು.

“ಆಜೀ, ನನ್ನ ಗಣಪತಿ ಬಪ್ಪಾ ಹೊರಗ ಬಿಸಲಾಗ ಕೂತಾನ,” ಎಂದ ಮೋಹಿತೆ. “ಅರ್ಧಾ ಅರ್ಧಾ ಮಾಡ್ಕೊಳ್ಳೂಣ ಬರ್‍ರಿ.”

“ಕೇಳಿದೆ. ಬ್ಯಾಡ.” ಅಜ್ಜಿ ಕನ್ನಡಕ ಏರಿಸಿದಳು. “ಒಂದು ನಂಬರು, ಇಬ್ಬರು ಮಂದಿ. ಅರ್ಧಾ ಮಾಡಿದ್ರ ತಪ್ಪು ಸರಿ ಆಗೂದಿಲ್ಲ, ಎರಡು ತಪ್ಪು ಆಗ್ತಾವ. ಮೊದಲ ಪುರಾವೆ ತೋರಸ್ರಿ.”

ವೈಜಯಂತಿ ಕೌಂಟರಿನ ಹತ್ತಿರ ನುಗ್ಗಿ ಲ್ಯಾಪ್‌ಟಾಪು ಬಿಚ್ಚಿದಳು. ಅತ್ತೆಯ ಲೆಕ್ಕದಲ್ಲಿ ಒಂದೇ ಇನ್ನೂರ ಹದಿನಾಲ್ಕು: ಮೋಹಿತೆ, ನಾಲ್ಕು ದಾಟಿ ಎರಡು ನಿಮಿಷ. ಸೊಸೆಯ ಲೆಕ್ಕದಲ್ಲೂ ಅದೇ. ಎರಡನೆಯದು ಎಲ್ಲೂ ಇಲ್ಲ.

“ನಿಮ್ಮ ಚೀಟಿ ಕೊಡ್ರಿ ಆಜೀ.”

ಮೋಹಿತೆಯದು ಯಂತ್ರ ಅಚ್ಚೊತ್ತಿದ ಚೀಟಿ. ಅಜ್ಜಿಯದು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಪೆನ್ಸಿಲಿನಲ್ಲಿ ಬರೆದದ್ದು. ಅಕ್ಷರ ದಾಜೀಸಾಹೇಬರದು.

“ದಾಜೀ!” ವೈಜಯಂತಿ ಕಿರುಚಿದಳು. “ಇದನ್ನ ಯಾವಾಗ ಬರದ್ರಿ?”

ದಾಜೀಸಾಹೇಬರು ಹಲಗೆಯ ಕಡೆ ನೋಡಿದರು, ಫ್ಯಾನಿನ ಕಡೆ ನೋಡಿದರು, ಟೆಂಪೋದ ಗಣಪತಿಯ ಕಡೆ ನೋಡಿದರು. ಯಾರೂ ನೆರವಿಗೆ ಬರಲಿಲ್ಲ.

“ಎರಡು ಗಂಟೇಕ,” ಎಂದರು ಸಣ್ಣ ದನಿಯಲ್ಲಿ.

ನಂಬರು ಎರಡಾದದ್ದು ಎಲ್ಲರಿಗೂ ಮರೆತೇ ಹೋಯಿತು. ಅಪ್ಪನ ಕಾಲದಿಂದ ಒಂದರಿಂದ ನಾಲ್ಕು ಮಲಗುತ್ತ ಬಂದ ದಿವೇಕರರು ಎರಡು ಗಂಟೆಗೆ ಮೋದಕ ಮಾರಿದ್ದರು!

“ಇವರು ಹಿತ್ತಲ ಬಾಗಲಾ ಬಡದ್ರು,” ಎಂದು ದಾಜೀ ಬಡಬಡಿಸಿದರು. “ನನಗ ಏಳನೇ ಕ್ಲಾಸಿನ್ಯಾಗ ಗಣಿತಾ ಕಲಸಿದ ಟೀಚರಬಾಯಿ. ಇವರು ಕೇಳಿದ್ರ ಇಲ್ಲ ಅನ್ನೂ ಧೈರ್ಯ ನನಗ ಇವತ್ತಿಗೂ ಇಲ್ಲ. ಯಂತ್ರ ಮಲಗಿತ್ತು. ಕಡೀ ನಂಬರು ಇನ್ನೂರ ಹದಿಮೂರು ಅಂತ ನೆನಪಿತ್ತು, ಹದಿನಾಲ್ಕು ಅಂತ ಬರದುಕೊಟ್ಟೆ. ಅದರ ನಕಲು ಮೊಳಿಗೆ ಚುಚ್ಚಿಟ್ಟೀನಿ ನೋಡು! ಆಕಿ ಎದ್ದ ಮ್ಯಾಲೆ ನೋಡ್ಬೇಕಿತ್ತು.”

“ಯಾರು ನೋಡ್ಬೇಕಿತ್ತು?”

“ಸಾಸೂಬಾಯಿ.”

“ಆಕಿ ಮುಂಬೈಯಾಗ ಇದ್ದಾಳ ದಾಜೀ! ನಿಮ್ಮ ಮೊಳಿ ಆಕೀಗೆ ಹ್ಯಾಂಗ ಕಾಣಸ್ತದ?”

ಮೋಹಿತೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜಿ ನಗಲಿಲ್ಲ. ಮೋಹಿತೆಯ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ತನ್ನದನ್ನು ನೋಡಿದಳು, ವೈಜಯಂತಿಯ ಪರದೆಗೆ ಮೂಗು ತಾಗಿಸಿ ಎರಡೂ ಲೆಕ್ಕ ಓದಿದಳು. ಆಮೇಲೆ ತನ್ನ ಚೀಟಿಯನ್ನು ನಾಲ್ಕು ಚೂರು ಮಾಡಿದಳು.

“ಕೀಲಿಕೈ ಇದ್ದವರು ಬರದದ್ದು ಖರೇ. ಇಲ್ಲದವರು ಎಷ್ಟ ಮೊದಲ ಬರದಿದ್ರೂ ಸುಳ್ಳು. ಪೆಟಿಗಿ ಇವನದು.”

ವೈಜಯಂತಿ ಪರದೆಯಿಂದ ಥಟ್ಟನೆ ತಲೆ ಎತ್ತಿದಳು. ಕೀಲಿಕೈಯ ಮಾತು ಈ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಅವಳು ಪಟ್ಟಿಗೆ ಬರೆದ ಹದಿನೇಳನೆಯ ಕಾಗದದ ಮಾತು.

“ಆಜೀ... ನಿಮ್ಮ ಹೆಸರೇನು?”

“ವಿಮಲ ಖರೆ.”

ವಿ. ಖ. ಇಂಗ್ಲಿಷಿನಲ್ಲಿ ವಿಕೆ! ವೈಜಯಂತಿ ಕೌಂಟರು ಹಿಡಿದುಕೊಂಡಳು. ಕಾಲು ಹಿಡಿಯಬೇಕೋ ಕತ್ತು ಹಿಡಿಯಬೇಕೋ ತಿಳಿಯಲಿಲ್ಲ.

“ನೀವು ಜರ್ಮನಿಯವರು ಅಂದ್ಕೊಂಡಿದ್ದೆ!”

“ಅವರು ಭಾಳ ಸೌಜನ್ಯದ ಮಂದಿ,” ಎಂದಳು ಅಜ್ಜಿ. “ಸಾಲೀ ಬಿಟ್ಟ ಮ್ಯಾಲೆ ಹೊತ್ತು ಹೋಗ್ಲಿಲ್ಲ. ಹತ್ತೊಂಬತ್ತು ವರ್ಷ ಆತು ಈ ಪಟ್ಟಿಯೊಳಗ.”

“ಎರಡು ವರ್ಷ ಇದೇ ಊರಾಗ ಇದ್ದು ಒಂದು ಮಾತು ಹೇಳ್ಲಿಲ್ಲಲ್ರಿ!”

“ನೀ ಪಟ್ಟಿಗೆ ಬರದಿ, ಉತ್ತರಾ ಪಟ್ಟಿಗೆ ಬಂತು. ಮನೀಗೆ ಕರದಿದ್ರ ಚಹಾ ಕೊಡ್ಬೇಕಾಗ್ತಿತ್ತು. ಚಹಾ ಕುಡದ ಮ್ಯಾಲೆ ‘ಬ್ಯಾಡ’ ಅನ್ನೂದು ಕಠಿಣ.” ಅಜ್ಜಿ ಚೀಲ ಹೆಗಲಿಗೇರಿಸಿದಳು. “ಮನಷಾ ನಡುವ ಕೈ ಹಾಕಿದ್ರ ನಿನ್ನ ಕಾವಲುಗಾರ ಏನ ಮಾಡ್ತಾನ ಅಂತ ನೋಡ್ಬೇಕಿತ್ತು. ಅದಕ್ಕ ಎರಡು ಗಂಟೇಕ ಬಂದೆ. ನಲವತ್ತು ವರ್ಷದಾಗ ಮೊದಲ ಸಲ ಮಧ್ಯಾಹ್ನದ ನಿದ್ದಿ ಬಿಟ್ಟೀನಿ.”

ಇದನ್ನು ಕೇಳಿ ದಾಜೀಸಾಹೇಬರು ತಲೆಯ ಟೊಪ್ಪಿಗೆ ತೆಗೆದರು. ವೈಜಯಂತಿಗಂತೂ ಅಳು ಒತ್ತಿ ಬಂತು. ಅವಳ ಬರಹಕ್ಕೆ ಇಷ್ಟು ದೊಡ್ಡ ಗೌರವವನ್ನು ಈ ಊರಿನಲ್ಲಿ ಯಾರೂ ಕೊಟ್ಟಿರಲಿಲ್ಲ.

“ಹಂಗಾದ್ರ... ಒಪ್ಪಿಗೀನಾ?”

“ಅಂಗಡ್ಯಾಗ ಒಪ್ಪಿಗಿ ಕೊಡೂದಿಲ್ಲ. ಪಟ್ಟಿಗೆ ಬರಿ.”

ವೈಜಯಂತಿ ಅಲ್ಲೇ ಚಕ್ಕುಲಿ ಡಬ್ಬದ ಮೇಲೆ ಲ್ಯಾಪ್‌ಟಾಪು ಇಟ್ಟು ಬರೆದಳು. ಮೂವತ್ತು ದಿನ. ಯಂತ್ರಗಳಿಂದ ಎರಡಾದ ನಂಬರು ಸೊನ್ನೆ. ದಿವೇಕರರಿಂದ ಒಂದು. ಅರ್ಧ ಗಂಟೆಗೆ ಉತ್ತರ ಬಂತು. ‘ಓದಿದೆ. ನೋಡಿದೆ. ಸೇರಿಸಿದೆ. ಮೂವತ್ತೇಳನೇ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಹೆಚ್ಚಿಗೆ ಇತ್ತು, ತೆಗೆದಿದ್ದೇನೆ. ನಾಚಿಕೆಯಾಗಬೇಕು.’ ಅವಳು ಅದನ್ನು ನಾಲ್ಕು ಸಲ ಓದಿದಳು, ಆಮೇಲೆ ಶ್ರೀರಂಗನಿಗೆ ಫೋನು ಮಾಡಿ ಓದಿ ಹೇಳಿದಳು, ಬೈಯುವುದನ್ನೂ ಮರೆಯಲಿಲ್ಲ.

ಮರುದಿನ ಚವತಿಯ ಪೂಜೆ, ಊಟ ಮುಗಿದ ಮೇಲೆ ಅವಳು ಅಮ್ಮ ಮಾಡಿದ ಇಪ್ಪತ್ತೊಂದು ಮೋದಕ ಡಬ್ಬಿಗೆ ತುಂಬಿಕೊಂಡು ದಾಜೀಸಾಹೇಬರಿಂದ ಕೇಳಿಕೊಂಡಿದ್ದ ವಿಳಾಸಕ್ಕೆ ಹೊರಟಳು. ದಾರಿಯಲ್ಲಿ ದಿವೇಕರರ ಅಂಗಡಿಗೆ ಹೊಸ ಹಲಗೆ ತೂಗಿತ್ತು: ‘ಈ ಅಂಗಡಿಗೆ ಯಜಮಾನಿ ಒಬ್ಬಳೇ. ಅವಳು ಮುಂಬೈಯಲ್ಲಿದ್ದಾಳೆ. ಹಿತ್ತಲ ಬಾಗಿಲಿಗೂ ಬೀಗ ಹಾಕಿದೆ.’

ಖರೆ ಅಜ್ಜಿಯ ಮನೆ ಮುಟ್ಟಿದಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ ಇತ್ತು. ಬೆಲ್ಲಿನ ಮೇಲೆ ಚೀಟಿ: ‘ಒಂದರಿಂದ ನಾಲ್ಕು ಒತ್ತಬೇಡಿ. ನಿಮ್ಮ ಕೆಲಸ ಅಷ್ಟು ಮುಖ್ಯವಿದ್ದಿದ್ದರೆ ನಾನೇ ಬರುತ್ತಿದ್ದೆ.’ ವೈಜಯಂತಿ ಅದನ್ನು ಓದಿ ಒಬ್ಬಳೇ ನಕ್ಕಳು. ಮೆಟ್ಟಿಲ ಮೇಲೆ ಕೂತಳು. ಎರಡು ವರ್ಷ ಕಾದವಳಿಗೆ ಇಪ್ಪತ್ತು ನಿಮಿಷ ಏನು ಮಹಾ ಎಂದುಕೊಂಡಳು. ಆದರೆ ಡಬ್ಬಿಯಿಂದ ತುಪ್ಪದ ವಾಸನೆ ಬರುತ್ತಿತ್ತು, ಮಾಡಲು ಬೇರೆ ಕೆಲಸ ಇರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಬಾಗಿಲು ತಾನಾಗಿ ತೆರೆಯಿತು. ಅಜ್ಜಿ ಡಬ್ಬಿ ಇಸಕೊಂಡು ಮುಚ್ಚಳ ತೆಗೆದಳು. ತುಟಿ ಅಲುಗಿಸುತ್ತ ಎಣಿಸಿದಳು. ಕನ್ನಡಕದ ಮೇಲಿಂದ ವೈಜಯಂತಿಯ ಗಲ್ಲಕ್ಕೆ ಅಂಟಿದ್ದ ಬೆಲ್ಲ ನೋಡಿದಳು.

“ನೋಡಿದೆ. ಇಪ್ಪತ್ತ ಅವ. ಒಂದು ಕಡಿಮಿ ಅದ,” ಎಂದಳು. “ನಾಳೆ ತಿದ್ದಿಕೊಂಡು ಬಾ. ಈಗ ಒಳಗ ನಡೀ, ಚಹಾಕ್ಕಿಟ್ಟೀನಿ.”