ವಿದ್ಯಾಳ ವೀಸಾ, ಮಾಳಪ್ಪನ ಕುರಿ

ಕಲ್ಲೋಳಿಯ ಕುರಿಗಾರ ಮಾಳಪ್ಪನ ಹೊಟ್ಟೆಯಲ್ಲಿ ಸಂತೋಷದ ಸುದ್ದಿ ಅರ್ಧ ತಾಸು ಕೂಡ ನಿಲ್ಲುವುದಿಲ್ಲ. ಸೊಸೆ ವಿದ್ಯಾಳಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿದೆ ಎಂದು ತಿಳಿದ ದಿನ ಅವನು ಚಹಾದಂಗಡಿ, ಹಿಟ್ಟಿನ ಗಿರಣಿ, ಹಾಲಿನ ಡೇರಿ ಎಲ್ಲ ಕಡೆ ಒಂದು ಸುತ್ತು ಹಾಕಿ ಬಂದ. ಬೆಳಿಗ್ಗೆ ಅವನ ಮಾತಿನಲ್ಲಿ ಸೊಸೆ ಒಬ್ಬಳೇ ಹೊರಟಿದ್ದಳು. ಸಂಜೆಯ ಹೊತ್ತಿಗೆ ಅವನ ಬಾಯಲ್ಲಿ ಸೊಸೆ, ಮಗ ಯಲ್ಲೇಶ, ನಾಲ್ಕು ವರ್ಷದ ಮೊಮ್ಮಗಳು ಮಾಯಾ, ಮೂವರೂ ವಿಮಾನ ಹತ್ತಿಯಾಗಿತ್ತು.

ಪಾಪ, ಇದು ಪೂರ್ತಿ ಅವನ ಬಡಾಯಿಯೂ ಅಲ್ಲ. ಬೆಳಗಾವಿಯ ಏಜೆಂಟನೊಬ್ಬ ಹಾಗೆಂದು ಹೇಳಿದ್ದ. ಹೆಂಡತಿ ಓದಲು ಹೋದರೆ ಗಂಡ, ಮಗು ಡಿಪೆಂಡೆಂಟ್ ವೀಸಾದ ಮೇಲೆ ಜೊತೆಗೇ ಹೋಗಬಹುದು, ಗಂಡ ಅಲ್ಲಿ ಕೆಲಸವನ್ನೂ ಮಾಡಬಹುದು ಎಂದಿದ್ದ. ಸಾಕ್ಷಿಯೂ ಮನೆಯ ಹತ್ತಿರದ್ದೇ. ಹುಕ್ಕೇರಿಯಲ್ಲಿರುವ ಅವರ ಬೀಗರ ಮಗ ಕಿಶೋರ 2022ರಲ್ಲಿ ಇಂಗ್ಲೆಂಡಿಗೆ ಓದಲು ಹೋದಾಗ ಹೆಂಡತಿ ನಂದಿನಿಯನ್ನು ಕರೆದುಕೊಂಡೇ ಹೋಗಿದ್ದ. ಇಬ್ಬರೂ ಹಿಮದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಮಾಳಪ್ಪನ ಮೊಬೈಲಿನಲ್ಲಿತ್ತು. ಕೇಳಿದವರಿಗೂ ತೋರಿಸುತ್ತಿದ್ದ, ಕೇಳದವರಿಗೂ ತೋರಿಸುತ್ತಿದ್ದ.

ವಿದ್ಯಾ ನಿಡಸೋಸಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ ಹುಡುಗಿ. ಮದುವೆಯಾದ ಮೇಲೂ ಕಾಲುವೆ ಕೆಲಸದ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ದುಡಿಯುತ್ತಿದ್ದಳು. ಈಗ ಸಿಕ್ಕಿದ್ದು ನೀರಾವರಿಯ ಬಗ್ಗೆ ಒಂದು ವರ್ಷದ ಎಂ.ಎಸ್ಸಿ. ವಿಶ್ವವಿದ್ಯಾಲಯವೇ ವಿದ್ಯಾರ್ಥಿವೇತನ ಕೊಟ್ಟಿತ್ತು, ಉಳಿದದ್ದಕ್ಕೆ ಅವಳ ಪಗಾರದ ಉಳಿತಾಯವಿತ್ತು. ಎರಡು ವರ್ಷ ಇಂಗ್ಲಿಷ್ ಪರೀಕ್ಷೆಗೆ ಓದಿ, ಮೂರು ಕಡೆ ಅರ್ಜಿ ಹಾಕಿ ಪಡೆದ ಸೀಟು ಅದು.

ಆದರೆ ಯಲ್ಲೇಶ ಹೊರಟರೆ ಕುರಿ ಕಾಯುವವರು ಯಾರು? ಮಾಳಪ್ಪನಿಗೆ ಮೊಣಕಾಲು ನೋವು, ದಿನವಿಡೀ ಹಿಂಡಿನ ಹಿಂದೆ ನಡೆಯಲಾಗದು. ಹೀಗಾಗಿ ಇಡೀ ಹಿಂಡನ್ನೇ ಮಾರಿಬಿಡುವುದೆಂದು ಮಾತಾಯಿತು. ಮಾಳಪ್ಪ ಗೋಕಾಕದ ಕುರಿ ವ್ಯಾಪಾರಿ ಬಂದೇನವಾಜನಿಗೆ ಫೋನು ಹಚ್ಚಿದ. ಇಬ್ಬರದೂ ಮೂವತ್ತು ವರ್ಷದ ಪರಿಚಯ.

ಆ ಭಾನುವಾರ ಬಂದೇನವಾಜ ಬಂದ. ಜೊತೆಗೆ ಮಗಳು ಜೀನತ, ಅವಳ ಕೈಯಲ್ಲಿ ಕರದಂಟಿನ ಡಬ್ಬಿ. ಜೀನತ ನಿಡಸೋಸಿಯಲ್ಲಿ ವಿದ್ಯಾಳ ಜೊತೆಗೇ ಓದಿದವಳು. ಈಗ ಗೋಕಾಕ ಬಸ್‌ಸ್ಟ್ಯಾಂಡಿನ ಹತ್ತಿರ ಪಾಸ್‌ಪೋರ್ಟು, ವೀಸಾ ಅರ್ಜಿಗಳನ್ನು ತುಂಬಿಕೊಡುವ ಆನ್‌ಲೈನ್ ಸೆಂಟರ್ ನಡೆಸುತ್ತಿದ್ದಳು. ಗೆಳತಿಯನ್ನು ತಬ್ಬಿಕೊಂಡಳು, ಬಾಯಿಗೆ ಕರದಂಟು ಇಟ್ಟಳು. ಆಮೇಲೆ ಸೀಟಿನ ಪತ್ರ ಕೇಳಿದಳು. ಓದುತ್ತಾ ಓದುತ್ತಾ ಅವಳ ನಗು ಕಡಿಮೆಯಾಯಿತು.

"ವಿದ್ಯಾ, ಇದು ಕ್ಲಾಸಿನಾಗ ಕುಂತು ಓದೂ ಕೋರ್ಸ್ ಅಲ್ಲೇನು? ಸಂಶೋಧನಾದ್ದಲ್ಲ?"

"ಹೌದು. ಒಂದು ವರ್ಷದ್ದು."

"ಹಂಗಾದ್ರ ಯಲ್ಲೇಶಣ್ಣ, ಮಾಯಾ ನಿನ್ನ ಸಂಗಟ ಬರಾಕ ಆಗಂಗಿಲ್ಲ."

ಮಾಳಪ್ಪ ಚಹಾದ ಬಟ್ಟಲು ಕೆಳಗಿಟ್ಟ. "ಯಾಕ ಆಗಂಗಿಲ್ಲವಾ? ನಮ್ಮ ಕಿಶೋರ ಹೋಗ್ಯಾನಲ್ಲ ಹೆಂಡ್ತಿ ಕರಕೊಂಡು? ಇಲ್ಲಿ ನೋಡು ಫೋಟೋ."

"ಖರೆ ರೀ ಕಾಕಾ. ಅವ್ರು ಹೋಗಿದ್ದು 2022ರಾಗ. ಇಂಗ್ಲೆಂಡ್ ಸರ್ಕಾರ 2024ರ ಜನವರಿ ಒಂದರಿಂದ ಆ ನಿಯಮ ಬದಲು ಮಾಡೇತಿ. ಈಗ ಪಿಎಚ್.ಡಿ ಅಥವಾ ಸಂಶೋಧನಾ ಕೋರ್ಸಿನವ್ರು, ಮತ್ತ ಸರ್ಕಾರದ ಸ್ಕಾಲರ್‌ಶಿಪ್ ಮ್ಯಾಲ ಹೋಗೋವ್ರು ಅಷ್ಟ ಮನ್ಯಾಗಿನವ್ರನ್ನ ಕರಕೊಂಡು ಹೋಗಬಹುದು. ವಿದ್ಯಾಗ ಸಿಕ್ಕಿದ್ದು ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್, ಸರ್ಕಾರದ್ದಲ್ಲ."

ಮಾಳಪ್ಪನ ಮುಖ ಕೆಂಪಾಯಿತು. ಊರಿಗೆಲ್ಲ ಹೇಳಿಯಾಗಿತ್ತು. ಗುಡ್ಡಪ್ಪನ ಹೊಲದಲ್ಲಿ ಗೊಬ್ಬರಕ್ಕೆಂದು ಪ್ರತಿ ವರ್ಷ ಕುರಿ ನಿಲ್ಲಿಸುತ್ತಿದ್ದವನು, ಈ ಸಲ ಬೇರೆಯವರನ್ನು ನೋಡಿಕೊ ಎಂದು ಅವನಿಗೂ ಹೇಳಿಬಿಟ್ಟಿದ್ದ. ನಿನ್ನೆ ಮೊನ್ನೆಯ ಹುಡುಗಿ ಬಂದು ಆಗುವುದಿಲ್ಲ ಎಂದರೆ ಹೇಗೆ? ಸಿಟ್ಟಿನಲ್ಲಿ ಆಡಬಾರದ ಮಾತು ಆಡಿದ.

"ನೋಡವಾ, ನಿನಗ ನಿನ್ನ ಗಂಡನ ಕಡೆ ಹೋಗಾಕ ಆಗಲಿಲ್ಲಂತ ನಮ್ಮವ್ರಿಗೂ ಆಗಬಾರದೇನು?"

ಜೀನತಳ ಗಂಡ ಮುಕ್ತಾರ ಕೊಲ್ಲಿ ದೇಶದಲ್ಲಿ ಗ್ಯಾರೇಜಿನ ಕೆಲಸದಲ್ಲಿದ್ದ. ಫ್ಯಾಮಿಲಿ ವೀಸಾಕ್ಕೆ ಬೇಕಾದಷ್ಟು ಪಗಾರ ಅವನಿಗಿರಲಿಲ್ಲ. ಬಂದೇನವಾಜ ಏನೋ ಹೇಳಲು ಹೋದ. ಜೀನತ ಕೈ ಎತ್ತಿ ತಂದೆಯನ್ನು ತಡೆದಳು. ಕಣ್ಣು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ.

"ಕಾಕಾ, ನಾ ಹೋಗಲಿಲ್ಲ, ಖರೆ. ನಮಗೂ ಒಬ್ಬವ ಏಜೆಂಟ ಹಿಂಗ ಹೇಳಿದ್ದ. ನಂಬಿ ಸಾಮಾನೆಲ್ಲ ಕಟ್ಟಿಟ್ಟಿದ್ದೆ. ಅದಕ್ಕಾಗೇ ನಿಯಮ ಓದೂದು ಕಲತೇನಿ. ನನ್ನ ಮಾತು ನಂಬಬ್ಯಾಡ್ರಿ. ವಿದ್ಯಾ ತಾನ ಓದ್ಲಿ."

ವಿದ್ಯಾ ಆಗಲೇ ಮೊಬೈಲು ತೆರೆದಿದ್ದಳು. ಜೀನತ ತೋರಿಸಿದ್ದು ಯಾವುದೋ ವಿಡಿಯೋ ಅಲ್ಲ, ಏಜೆಂಟರ ಜಾಹೀರಾತೂ ಅಲ್ಲ. ಬ್ರಿಟನ್ ಸರ್ಕಾರದ ಸ್ವಂತ ಜಾಲತಾಣ, ಗವ್ ಡಾಟ್ ಯುಕೆ. ವಿದ್ಯಾರ್ಥಿ ವೀಸಾದ ಪುಟದಲ್ಲಿ ಗಂಡ, ಹೆಂಡತಿ, ಮಕ್ಕಳ ಬಗ್ಗೆ ಬರೆದದ್ದನ್ನು ವಿದ್ಯಾ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಜೀನತ ಹೇಳಿದ್ದೇ ಅಲ್ಲಿತ್ತು. ಓದಿ ಮುಗಿಸಿದಾಗ ವಿದ್ಯಾ ಯಾರ ಮುಖವನ್ನೂ ನೋಡಲಿಲ್ಲ.

ಯಲ್ಲೇಶ ಅಲ್ಲಿಂದಲೇ ಏಜೆಂಟನಿಗೆ ಫೋನು ಮಾಡಿ ಸ್ಪೀಕರ್ ಹಚ್ಚಿದ. ಏಜೆಂಟ ಒಂದಿಷ್ಟೂ ಅಂಜಲಿಲ್ಲ.

"ನಿಯಮಾ ಬದಲಾದ್ರ ಆತೇಳ್ರಿ. ನಿಮಗ ವಿಸಿಟರ್ ವೀಸಾ ಮಾಡಸ್ತೇನಿ. ನೋಡಾಕ ಹೊಂಟೇನಿ ಅಂತ ಬರೀರಿ. ಅಲ್ಲಿ ಇಳದ ಮ್ಯಾಲ ಯಾವದರ ಅಂಗಡ್ಯಾಗ ಕೆಲಸಕ್ಕ ನಿಲ್ರಿ. ಯಾರ ಕೇಳ್ತಾರ?"

ಯಲ್ಲೇಶ ಜೀನತಳ ಕಡೆ ನೋಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. ಫೋನು ಇಟ್ಟ ಮೇಲೆ ಹೇಳಿದಳು:

"ಅಣ್ಣಾ, ವಿಸಿಟರ್ ವೀಸಾದ ಮ್ಯಾಲ ಹೆಂಡ್ತಿನ್ನ ನೋಡಾಕ ಹೋಗಬಹುದು, ತಿರುಗಿ ಬರಬಹುದು. ಅದಕ್ಕ ಯಾರ ಅಡ್ಡಿನೂ ಇಲ್ಲ. ಆದ್ರ ಕೆಲಸ ಮಾಡಂಗಿಲ್ಲ. ಅಲ್ಲೇ ಇದ್ದು ಬ್ಯಾರೆ ವೀಸಾಕ್ಕ ಬದಲು ಮಾಡಕೊಳ್ಳಾಕೂ ಬರಂಗಿಲ್ಲ. ಅರ್ಜ್ಯಾಗ ಸುಳ್ಳು ಬರದಿದ್ದು ಗೊತ್ತಾತಂದ್ರ ಹತ್ತು ವರ್ಷದ ತನಕ ಆ ದೇಶದ ಬಾಗಲಾ ಬಂದ್. ನಿಮ್ಮ ಸುಳ್ಳಿನಿಂದ ವಿದ್ಯಾಗೂ ತ್ರಾಸು. ಅವ ಏಜೆಂಟ ಬೆಳಗಾವ್ಯಾಗ ಆರಾಮ ಕುಂತಿರ್ತಾನ, ಸಿಕ್ಕಿಬೀಳೋವ್ರು ನೀವು."

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಲ್ಲಕ್ಕ, ಮಾಳಪ್ಪನ ಹೆಂಡತಿ, ಎಲ್ಲರಿಗೂ ಒಮ್ಮೆಲೇ ತೀರ್ಪು ಕೊಟ್ಟಳು. "ಹಂಗಾದ್ರ ಯಾರೂ ಹೋಗೂದು ಬ್ಯಾಡ. ಗಂಡ ಇಲ್ಲದ, ಕೂಸು ಬಿಟ್ಟು, ಸೊಸಿ ಒಬ್ಬಾಕಿ ಅಷ್ಟ ದೂರ ಹೆಂಗ ಇರ್ತಾಳ? ಮಂದಿ ಏನಂತಾರ?"

ವಿದ್ಯಾ ಸೀಟಿನ ಪತ್ರವನ್ನು ಮಡಚಿ, ಮತ್ತೆ ಮಡಚಿ, ಅಂಗೈಯಷ್ಟು ಮಾಡಿ ಮುಷ್ಟಿಯಲ್ಲಿ ಹಿಡಿದಳು. ಮಾಳಪ್ಪ ಅದನ್ನು ನೋಡಿದ. ಅಲ್ಲಿ ಕೂರಲಾಗದೆ ಎದ್ದು ಕುರಿಹಟ್ಟಿಗೆ ಹೋದ.

ಹಿಂದಿನಿಂದ ಬಂದೇನವಾಜ ಬಂದ. ಇಬ್ಬರೂ ಬೇಲಿಯ ಪಕ್ಕ ನಿಂತರು.

"ಮಾಳಪ್ಪಣ್ಣ, ಇವತ್ತ ನೀ ಕುರಿ ಕೊಟ್ರ ನನಗ ಲಾಭ ಐತಿ. ಆದ್ರೂ ಒಂದ ಮಾತು ಕೇಳ್ತೇನಿ. ಕುರಿ ಊರು ಬಿಟ್ಟು ಸಾಗೂಮುಂದ ನೀ ಮೊದಲ ಏನ ಮಾಡ್ತಿ?"

"ಏನ ಮಾಡ್ತೇನಿ? ಒಬ್ಬವ ಮುಂದ ಹೋಗಿ ಹಾದಿ, ಹೊಲ ನೋಡಿ ಬರ್ತೇವಿ. ನೀರ ಐತೇನು, ಹೊಲದಾಗ ಪೀಕು ನಿಂತೈತೇನು, ಹೊಲದವ ಹೂಂ ಅಂತಾನೇನು..." ಮಾಳಪ್ಪನ ಮಾತು ಅಲ್ಲಿಗೆ ನಿಂತಿತು.

ನಿಲ್ಲಲು ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಒಮ್ಮೆ ಅವನು ಹೊಲ ನೋಡಲು ಯಾರನ್ನೂ ಕಳಿಸಿರಲಿಲ್ಲ. ಪ್ರತಿ ವರ್ಷದ ಹೊಲ, ನೋಡುವುದೇನು ಎಂದು ಹಿಂಡನ್ನು ನೇರ ಗುಡ್ಡಪ್ಪನ ಹೊಲಕ್ಕೇ ಹೊಡೆದುಕೊಂಡು ಹೋಗಿದ್ದ. ಹೋಗಿ ನೋಡಿದರೆ ಹೊಲದ ತುಂಬ ಕಬ್ಬು! ಇಡೀ ದಿನ ಕುರಿ, ಮರಿಗಳನ್ನು ಕಟ್ಟಿಕೊಂಡು ನೀರಿಲ್ಲದೆ ರಸ್ತೆಯ ಮೇಲೆ ನಿಂತಿದ್ದ. ಹೋಗಿ ಬರುವ ಟ್ರ್ಯಾಕ್ಟರಿನವರೆಲ್ಲ ಬೈದಿದ್ದರು. ತಪ್ಪು ಗುಡ್ಡಪ್ಪನದಲ್ಲ, ಅವನ ಹೊಲ, ಅವನ ಇಷ್ಟ. ನೋಡದೆ ಹೋದದ್ದು ಮಾಳಪ್ಪ.

"ಕಿಶೋರ ಹೋದ ಹಾದಿ ಅಂತ ನಾ ಹೊಂಟುಬಿಟ್ಟಿದ್ದೆ," ಎಂದ ಮಾಳಪ್ಪ ಮೆಲ್ಲಗೆ. "ಈಗ ಹೆಂಗೈತಿ ಅಂತ ನೋಡಲೇ ಇಲ್ಲ."

"ಇನ್ನೂ ಹೊಂಟಿಲ್ಲಲ್ಲ. ಕುರಿ ಹಟ್ಟ್ಯಾಗ ಅದಾವ," ಎಂದ ಬಂದೇನವಾಜ.

ಮಾಳಪ್ಪ ಒಳಗೆ ಬಂದಾಗ ಮೊದಲು ಹೋಗಿದ್ದು ಜೀನತಳ ಹತ್ತಿರ. "ತಪ್ಪಾತವಾ. ನಿನ್ನ ಮನಸು ನೋಯಿಸಿದೆ," ಎಂದ. ಊರೆಲ್ಲ ಸುತ್ತಿ ಬಡಾಯಿ ಹೊಡೆಯುವ ಮಾಳಪ್ಪ ಇಷ್ಟು ತಗ್ಗಿ ಮಾತಾಡಿದ್ದನ್ನು ಯಲ್ಲಕ್ಕ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಏ ಯಲ್ಲಕ್ಕ, ಹಿಂಡೆಲ್ಲಾ ಒಮ್ಮೆಲೇ ಹೊಂಡೂದು ನಮ್ಮ ಮನ್ಯಾಗ ಎಂದರ ಐತೇನು? ಮೊದಲ ಒಬ್ಬರು ಹೋಗ್ತಾರ, ನೋಡ್ತಾರ. ಈ ಸಲ ಮುಂದ ಹೋಗಾಕಿ ವಿದ್ಯಾ. ಮಂದಿ ಬಾಯಿಗೆ ನಾ ಅದೇನಿ. ಮಂದೀಗೆ ಸುದ್ದಿ ಹೇಳಿದವನೂ ನಾನ, ಈಗ ಖರೆ ಹೇಳಾವನೂ ನಾನ."

ವಿದ್ಯಾ ಆಗ ಅತ್ತಳು. "ಮಾವಾರ, ನನಗ ಹೋಗೂ ಆಸೆ ಐತ್ರಿ. ಮಾಯಾನ್ನ ಬಿಟ್ಟು ಹೋಗೂದಂದ್ರ ಜೀವ ಕಿತ್ತಬಂದಂಗ ಆಗತೈತಿ. ಎರಡೂ ಖರೆ."

"ಒಂದ ವರ್ಷ ವಿದ್ಯಾ," ಎಂದ ಯಲ್ಲೇಶ. "ಮಾಯಾನ್ನ ನಾ ನೋಡಕೊಂತೇನಿ. ಜಡಿ ಹಾಕೂದೂ ಕಲೀತೇನಿ. ಕುರಿ ಅದಾವ, ಅವ್ವ ಅಪ್ಪ ಅದಾರ. ನಾ ಬಂದು ಅಲ್ಲಿ ಕದ್ದು ದುಡಿಯೋದಕಿಂತ ಇಲ್ಲಿ ತಲಿ ಎತ್ತಿ ಇರ್ತೇನಿ."

ಯಲ್ಲಕ್ಕ ಹತ್ತಿರ ಬಂದು ಕುಳಿತಳು. ಆಮೇಲೆ ಸೊಸೆಯ ಮುಷ್ಟಿ ಬಿಡಿಸಿ, ಆ ಪತ್ರವನ್ನು ತೆಗೆದುಕೊಂಡು, ಮೊಣಕಾಲ ಮೇಲಿಟ್ಟು ನೆರಿಗೆ ಹೋಗುವ ತನಕ ಸವರಿದಳು. "ಮುಂದರ ಇವ್ರು ಹೋಗಬಹುದೇನವಾ?" ಎಂದು ಜೀನತಳನ್ನು ಕೇಳಿದಳು.

"ಓದು ಮುಗದ ಮ್ಯಾಲ ವಿದ್ಯಾಗ ಅಲ್ಲಿ ಇಂಜಿನಿಯರ್ ಕೆಲಸ ಸಿಕ್ಕು, ಪರಿಣತರ ಕೆಲಸದ ವೀಸಾ ಆತಂದ್ರ ಈಗಿನ ನಿಯಮದಾಗ ಗಂಡ, ಮಗಳನ್ನ ಕರಸಿಕೊಳ್ಳಾಕ ಅವಕಾಶ ಐತ್ರಿ ಕಾಕಿ. ಆದ್ರ ಅದೂ ಬದಲಾಗಬಹುದು. ಅವತ್ತಿಂದ ಅವತ್ತ ಓದೂಣು. ಇವತ್ತ ಆಣಿ ಮಾಡಿ ಹೇಳಾವ್ರ ಮಾತು ಕೇಳಬ್ಯಾಡ್ರಿ."

ಮರುದಿನ ಮಾಳಪ್ಪ ಮತ್ತೆ ಊರು ಸುತ್ತಿದ. ಚಹಾದಂಗಡಿ, ಗಿರಣಿ, ಡೇರಿ. ಮೊದಲ ಸಲಕ್ಕಿಂತ ಕಾಲು ಭಾರವಾಗಿದ್ದವು, ಆದರೂ ಒಂದು ಕಡೆಯನ್ನೂ ಬಿಡಲಿಲ್ಲ. ನಕ್ಕವರು ನಕ್ಕರು. ಗುಡ್ಡಪ್ಪ ಮಾತ್ರ, "ನನ್ನ ಹೊಲಾ ಖಾಲಿ ಐತಿ, ಬಾ" ಎಂದ.

ವಿದ್ಯಾ ಜೀನತಳ ಸೆಂಟರಿನಲ್ಲಿ ಕುಳಿತು ತನ್ನ ಅರ್ಜಿಯನ್ನು ತಾನೇ ತುಂಬಿದಳು. ವಾರಕ್ಕೆ ಎಷ್ಟು ತಾಸು ಕೆಲಸ ಮಾಡಬಹುದು, ಓದು ಮುಗಿದ ಮೇಲೆ ಎಷ್ಟು ದಿನ ಉಳಿಯಬಹುದು ಎಂಬುದನ್ನೆಲ್ಲ ಓದಿ ಬರೆದುಕೊಂಡಳು. ವೀಸಾ ಬಂತು. ಸೆಪ್ಟೆಂಬರಿನಲ್ಲಿ ಹೊರಟಳು. ಮಾಯಾ ವಿಮಾನ ನಿಲ್ದಾಣದಲ್ಲಿ ಅತ್ತಳು, ವಾಪಸು ಬರುವಾಗ ಅಪ್ಪನ ತೊಡೆಯ ಮೇಲೆ ನಿದ್ದೆ ಹೋದಳು. ಈಗ ದಿನಾ ಸಂಜೆ ಫೋನಿನಲ್ಲಿ ಅವ್ವನಿಗೆ ಅಪ್ಪ ಹಾಕಿದ ಸೊಟ್ಟ ಜಡೆ ತೋರಿಸಿ ಚಾಡಿ ಹೇಳುತ್ತಾಳೆ.

ಮೊನ್ನೆ ಪಕ್ಕದ ಓಣಿಯ ಹನಮಂತ ಮಾಳಪ್ಪನಿಗೆ ಖುಷಿಯಿಂದ ಹೇಳಿದ, "ಕಾಕಾ, ದುಬೈಕ ಹೊಂಟೇನಿ! ಏಜೆಂಟ ವಿಸಿಟ್ ವೀಸಾ ಮಾಡಿಸ್ಯಾನ, ಅಲ್ಲಿ ಹ್ವಾದ ಮ್ಯಾಲ ಕೆಲಸ ಕೊಡಸ್ತಾನಂತ."

ಮಾಳಪ್ಪ ಅವನನ್ನು ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದ. "ಏಜೆಂಟಗ ಸರ್ಕಾರದ ಲೈಸನ್ಸ್ ಐತೇನು? ಕೆಲಸದ ಕರಾರು ಕಾಗದ ನಿನ್ನ ಕೈಯಾಗ ಐತೇನು? ಇವತ್ತಿನ ನಿಯಮಾ ಯಾರರ ಓದಿ ಹೇಳ್ಯಾರೇನು?" ಮಾಳಪ್ಪ ಎದ್ದು ಚಪ್ಪಲಿ ಮೆಟ್ಟಿದ. "ನಡಿ, ಗೋಕಾಕಕ್ಕ ಜೀನತಳ ಸೆಂಟರಿಗೆ ಹೋಗೂಣು. ಬಸ್ಸು ಇನ್ನೂ ಹೋಗಿಲ್ಲ."

ಅಣ್ಣ, ತಮ್ಮ, ಅಕ್ಕ, ತಂಗಿಯರೇ, ಈ ಕಥೆ ಕೇಳಿದ ನಿಮ್ಮ ಮನೆಯಲ್ಲೂ ಪರದೇಶಕ್ಕೆ ಹೊರಟವರು ಇರಬಹುದು. ಓದಲು, ದುಡಿಯಲು, ಗಂಡನ ಅಥವಾ ಹೆಂಡತಿಯ ಜೊತೆ ಇರಲು. ಹೋಗಿರಿ, ಧೈರ್ಯವಾಗಿ ಹೋಗಿರಿ. ಆದರೆ ಹೋದ ವರ್ಷ ಹೋದವರ ಫೋಟೋ ನೋಡಿ ಹೊರಡಬೇಡಿರಿ. ನೀವು ಹೋಗುವ ದೇಶದ ಸರ್ಕಾರದ ಜಾಲತಾಣದಲ್ಲಿ ಈಗಿನ ನಿಯಮವನ್ನು ಓದಿರಿ, ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ ಕೇಳಿರಿ. ಕೆಲಸಕ್ಕೆ ಕಳಿಸುವ ಏಜೆಂಟನ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ಎಂದು ನೋಡಿರಿ. ನೋಡಲು ಹೋಗುವ ವೀಸಾದ ಮೇಲೆ ದುಡಿಯಲು ಹೋಗಬೇಡಿರಿ, ಅರ್ಜಿಯಲ್ಲಿ ಸುಳ್ಳು ಬರೆಸಬೇಡಿರಿ. ಮನೆಯ ಕುರಿ, ದನ, ಹೊಲಕ್ಕೆ ಗಿರಾಕಿ ಕರೆಯುವ ಮೊದಲು ವೀಸಾ ಯಾರ ಹೆಸರಿಗೆ, ಯಾವ ಕೆಲಸಕ್ಕೆ, ಎಷ್ಟು ದಿನಕ್ಕೆ ಎಂದು ಕೇಳಿರಿ. ಕೇಳಲು ನಾಚಬೇಡಿರಿ, ಹೋಗುವ ಜೀವ ನಿಮ್ಮ ಮನೆಯದು.